ತೂಕದ ಯಂತ್ರದ ಜೊತೆ ಟೇಪೂ ಇರಲಿ

ಮಾನ್ಯರೇ,

ಆರೋಗ್ಯ ಶಿಬಿರಗಳಲ್ಲಿ ತೂಕ, ಬಿ.ಪಿ., ಶುಗರ್ ನೋಡುತ್ತಾರೆ. ಹೊಟ್ಟೆಯ ಸುತ್ತಳತೆಯನ್ನು ಕೇಳುವವರೇ ಕಡಿಮೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ. ಒಳಗೆ ಯಕೃತ್ತಿನ ಸುತ್ತಮುತ್ತ ಸೇರುವ ಈ ಕೊಬ್ಬು, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಹಾಗಾಗಿಯೇ ಭಾರತೀಯರಿಗೆ ಮಿತಿ ಬಿಗಿ: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 23 ದಾಟಿದರೆ ಅಧಿಕ ತೂಕ, ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

ಅಳೆಯುವಲ್ಲೇ ತಪ್ಪುತ್ತೇವೆ. ಪ್ಯಾಂಟಿನ ಗುಂಡಿಯ ಜಾಗ ಹೊಟ್ಟೆಯ ಕೆಳಗಿರುತ್ತದೆ, ಅಲ್ಲಿ ಅಳತೆ ಕಡಿಮೆಯೇ ಬರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ತುದಿ, ಇವೆರಡರ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಗೆಳೆದುಕೊಂಡರೆ ಲೆಕ್ಕಕ್ಕಿಲ್ಲ!

ಬೆಣ್ಣೆ ದೋಸೆ ಬಿಡಿ ಎಂದರೆ ದಾವಣಗೆರೆಯಲ್ಲಿ ಯಾರೂ ಕೇಳುವುದಿಲ್ಲ, ಸರಿ. ಆದರೆ 15 ಗ್ರಾಂ ಬೆಣ್ಣೆಯಲ್ಲೇ ಸುಮಾರು 100 ಕ್ಯಾಲೊರಿ ಇದೆ. ಕರಗಿಸಲು ಅರ್ಧ ಗಂಟೆಯ ನಡಿಗೆ ಬೇಕಾದೀತು. ಸಂಜೆಯ ಮಂಡಕ್ಕಿ ಹಗುರವೇ, ಜೊತೆಗಿನ ಮಿರ್ಚಿಯ ಎಣ್ಣೆ ಹಗುರವಲ್ಲ.

ಅಧಿಕ ತೂಕ ಇರುವವರು ಪೂರ್ತಿ ಸಣ್ಣಗಾಗಬೇಕಿಲ್ಲ. 80 ಕೆ.ಜಿ. ಇರುವವರು 4ರಿಂದ 6 ಕೆ.ಜಿ. ಇಳಿಸಿದರೂ ಸಕ್ಕರೆ ಕಾಯಿಲೆಯ ಅಪಾಯ ಗಣನೀಯವಾಗಿ ತಗ್ಗುತ್ತದೆ. ಶಿಬಿರ ನಡೆಸುವವರು ದರ್ಜಿಯ ಟೇಪೊಂದನ್ನು ಮೇಜಿನ ಮೇಲಿಡಲಿ.

– ಆರೋಗ್ಯ ಕಾರ್ಯಕರ್ತರು, ದಾವಣಗೆರೆ