ಎಳೆಗೂಸಿಗೆ ಸ್ಲಿಂಗ್ ಕೊಳ್ಳುವ ಮುನ್ನ

ಗುಂಪಿನ ಹೊಸ ಅಮ್ಮಂದಿರೇ, ಅಪ್ಪಂದಿರೇ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಸ್ಲಿಂಗ್ ಆಗಲಿ, ಪಟ್ಟಿಗಳಿರುವ ಕ್ಯಾರಿಯರ್ ಆಗಲಿ, ಕೊಳ್ಳುವ ಮೊದಲು ಲೇಬಲ್‌ನಲ್ಲಿ ಕನಿಷ್ಠ ತೂಕ ನೋಡಿ. ಬಕಲ್ ಇರುವ ಎಷ್ಟೋ ಕ್ಯಾರಿಯರ್‌ಗಳು ಸುಮಾರು 3.2ರಿಂದ 3.5 ಕೆ.ಜಿ. ದಾಟಿದ ಮಕ್ಕಳಿಗೆ ಮಾತ್ರ. ನಮ್ಮಲ್ಲಿ ಎರಡೂವರೆ, ಮೂರು ಕೆ.ಜಿ.ಗೆ ಹುಟ್ಟುವ ಕೂಸುಗಳು ಸಾಮಾನ್ಯ, ಅವಸರ ಬೇಡ. ದಿನ ತುಂಬದೆ ಹುಟ್ಟಿದ ಮಗುವಾದರೆ ಡಾಕ್ಟರನ್ನು ಕೇಳದೆ ಕಟ್ಟಲೇಬೇಡಿ.

ಎಲ್ಲಕ್ಕಿಂತ ಮುಖ್ಯ ಉಸಿರು. ಎಳೆ ಕತ್ತಿಗೆ ಬಲವಿರುವುದಿಲ್ಲ. ಬಟ್ಟೆ ಸಡಿಲವಾದರೆ ಮಗು ಒಳಗೆ ಕುಸಿದು, ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಅಳುವ ಸದ್ದೂ ಬರುವುದಿಲ್ಲ. ಗದ್ದದ ಕೆಳಗೆ ನಿಮ್ಮ ಎರಡು ಬೆರಳು ಹಿಡಿಸಬೇಕು. ಮುಖ ಸದಾ ಕಾಣುತ್ತಿರಲಿ, ತಲೆ ನೀವು ಬಗ್ಗಿದರೆ ಮುತ್ತಿಡುವಷ್ಟು ಹತ್ತಿರವಿರಲಿ. ಚೀಲದಂತೆ ಜೋತುಬೀಳುವ ಸ್ಲಿಂಗ್ ಬೇಡವೇ ಬೇಡ.

ಬಟ್ಟೆ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಆಸರೆ ಕೊಡಬೇಕು. ಮಂಡಿಗಳು ಕುಂಡಿಗಿಂತ ತುಸು ಮೇಲೆ, ಕಪ್ಪೆ ಕೂತ ಹಾಗೆ. ಕಾಲು ನೇರ ಜೋತಾಡಿದರೆ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಬಟ್ಟೆಯನ್ನು ಎರಡು ರಿಂಗ್‌ಗಳಲ್ಲಿ ತೂರಿಸಿ ಬಿಗಿಯುವ ರಿಂಗ್ ಸ್ಲಿಂಗ್ ಆದರೆ ಬೆಸುಗೆ ಇಲ್ಲದ ಗಟ್ಟಿ ಅಲ್ಯೂಮಿನಿಯಂ ರಿಂಗನ್ನೇ ಆರಿಸಿ.

ಸೆಕೆಗೆ ತೆಳು ಹತ್ತಿಬಟ್ಟೆ ಸಾಕು. ಮಗುವಿನ ಕತ್ತಿನ ಹಿಂಭಾಗ ಬೆವರಿದ್ದರೆ ಬಿಚ್ಚಿಬಿಡಿ. ಒಲೆಯ ಮುಂದೆ, ಸ್ಕೂಟರ್ ಮೇಲೆ ಖಂಡಿತ ಬೇಡ.