ಕಾಲುಚೀಲಕ್ಕೆ ತಕ್ಕ ನೂಲು ಸಿಗಲಿ

ಮಾನ್ಯ ಸಂಪಾದಕರೇ,

ರೈಲಿನಲ್ಲಿ ಕುಳಿತು ಹೆಣೆಯುವವರಿಗೆ ಮಫ್ಲರ್‌ಗಿಂತ ಕಾಲುಚೀಲವೇ ಅನುಕೂಲ. ಮಫ್ಲರ್ ಉದ್ದವಾದಂತೆ ಪಕ್ಕದವರ ಮಡಿಲಿಗೂ ಚಾಚುತ್ತದೆ, ಕಾಲುಚೀಲವಾದರೋ ಐದು ಕಿರುಗಡ್ಡಿಗಳ ಸಮೇತ ಕೈಚೀಲದಲ್ಲಿ ಅಡಗುತ್ತದೆ. (ಹಿಮ್ಮಡಿಯ ತಿರುವಿನಲ್ಲಿ ಕುಣಿಕೆಗಳನ್ನು ಎಣಿಸಬೇಕಾದ್ದರಿಂದ ಆ ಭಾಗವನ್ನು ಮನೆಗೆ ಉಳಿಸಿಕೊಳ್ಳುವುದು ಲೇಸು.) ಆದರೆ ನಮ್ಮೂರಿನ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವುದು ಬಹುಪಾಲು ಆಕ್ರಿಲಿಕ್ ಎಂಬ ಕೃತಕ ನೂಲು. ಕುತ್ತಿಗೆಗೆ ಅದು ಸಾಕು. ಬೆವರು ಹೀರದ ಕಾರಣ ಪಾದಕ್ಕೆ ಒಗ್ಗದು. ಡೆಕ್ಕನಿ ಕುರಿಯ ಉಣ್ಣೆ ಕಂಬಳಿಗೆ ಹೆಸರಾದರೂ ಕಾಲುಚೀಲಕ್ಕೆ ತೀರಾ ಒರಟು. ಶೇ 75ರಷ್ಟು ಮೃದು ಉಣ್ಣೆಗೆ, ಬೇಗ ಸವೆಯದಂತೆ ಶೇ 25ರಷ್ಟು ನೈಲಾನ್ ಬೆರೆಸಿದ ನೂಲು ಇದಕ್ಕೆ ಸೂಕ್ತ. ವರ್ತಕರು ಇಂಥ ನೂಲನ್ನು ತರಿಸಬೇಕು. ಪ್ರತಿ ಉಂಡೆಯ ಚೀಟಿಯಲ್ಲೂ ಉಣ್ಣೆಯ ಪ್ರಮಾಣ ನಮೂದಾಗಿರುವಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಹಾಸನ