ಶನಿವಾರದ ಬಾಸ್ಕೆಟ್‌ಬಾಲ್ ಪ್ರಾಕ್ಟೀಸ್: ಒಂದೇ ಪ್ಲೇ, ಹಲವು ದಾರಿ

ಎಲ್ಲರಿಗೂ ನಮಸ್ಕಾರ. ಶಿರಸಿ ಮಳೆ ಸದ್ಯಕ್ಕೆ ಬಿಡುವ ಹಾಗೆ ಕಾಣುತ್ತಿಲ್ಲ. ಕೋರ್ಟ್ ಒದ್ದೆ ಇದ್ದರೆ ಹಾಲ್‌ನೊಳಗೆ ನಡೆದುಕೊಂಡೇ ಕಲಿಯೋಣ.

ಕಾರವಾರದ ಪಂದ್ಯಕ್ಕೆ ಒಂದೇ ಸೆಟ್ ಪ್ಲೇ (ಮೊದಲೇ ಗೊತ್ತುಮಾಡಿಕೊಂಡ ಆಟದ ಯೋಜನೆ) ಸಾಕು: ಹಾರ್ನ್ಸ್. ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವರು) ಮೇಲೆ, ಅಂದರೆ ಬುಟ್ಟಿಯಿಂದ ದೂರ, ನಡುವೆ, ಎತ್ತರದವರಿಬ್ಬರು ಫ್ರೀ ಥ್ರೋ ಗೆರೆಯ ಎರಡು ತುದಿಯಲ್ಲಿ, ಉಳಿದಿಬ್ಬರು ಮೂಲೆಗಳಲ್ಲಿ. ಬಲಗಡೆಯ ಎತ್ತರದವರು ಮೇಲೆ ಬಂದು ಸ್ಕ್ರೀನ್ ಕೊಡುತ್ತಾರೆ (ಗಾರ್ಡ್‌ನ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾರೆ), ಗಾರ್ಡ್ ಅದನ್ನು ಬಳಸಿ ನುಗ್ಗುತ್ತಾರೆ. ಸ್ಕ್ರೀನ್ ಕೊಟ್ಟವರು ತಕ್ಷಣ ತಿರುಗಿ ಬುಟ್ಟಿ ಕಡೆ ಓಡಬೇಕು. ಎಡಗಡೆಯವರು ಮೂರು ಪಾಯಿಂಟ್ ಗೆರೆಯ ಆಚೆ ಬರಬೇಕು.

ಇಲ್ಲಿಂದ ಮುಂದೆ ಬಾಯಿಪಾಠ ಬೇಡ, ಎದುರಾಳಿಯನ್ನು ನೋಡಿ. ಗಾರ್ಡ್ ಮೇಲೆ ಇಬ್ಬರು ಬಿದ್ದರೆ, ಬುಟ್ಟಿ ಕಡೆ ಓಡುವವರಿಗೆ ಪಾಸ್. ಅವರನ್ನು ತಡೆಯಲು ಮೂಲೆಯ ಡಿಫೆಂಡರ್ ಒಳಗೆ ಬಂದರೆ ಮೂಲೆ ಖಾಲಿ, ಅಲ್ವಾ? ಚೆಂಡು ಅಲ್ಲಿಗೆ. ಅದೇ ಡಿಫೆಂಡರ್ ಪಾಸ್ ಕದಿಯಲು ಮುಂದೆ ಬಂದು ನಿಂತರೆ, ಮೂಲೆಯವರು ಅವನ ಬೆನ್ನ ಹಿಂದಿನಿಂದ ಬುಟ್ಟಿಗೆ ಕಟ್ ಮಾಡಿ (ಥಟ್ಟನೆ ಓಡಿ). ಯಾರೂ ಅಡ್ಡ ಬರದಿದ್ದರೆ ಗಾರ್ಡೇ ಲೇ-ಅಪ್ (ಬುಟ್ಟಿ ಹತ್ತಿರ ಓಡಿ ಹಾರಿ ಹಾಕುವ ಶಾಟ್) ಹಾಕಲಿ, ಸುಮ್ನೆ ಪಾಸ್ ಹುಡುಕುವುದು ಬೇಡ.

ಸ್ಕ್ರೀನ್ ಕೊಟ್ಟು ನಿಂತ ಮೇಲೆ ಅಲುಗಾಡಬೇಡಿ. ಸೊಂಟ ಚಾಚಿ ತಾಗಿಸಿದರೂ ಫೌಲ್. ಗಾರ್ಡ್ ಭುಜ ಸ್ಕ್ರೀನ್ ಕೊಟ್ಟವರ ಸೊಂಟಕ್ಕೆ ಉಜ್ಜಿಕೊಂಡೇ ಹೋಗಬೇಕು. ನಡುವೆ ಸಂದು ಬಿಟ್ಟರೆ ಡಿಫೆಂಡರ್ ಅಲ್ಲೇ ನುಸುಳುತ್ತಾನೆ. ನಮ್ಮ ಪ್ಲೇ ಜಾಸ್ತಿ ಕೆಡುವುದು ಇಲ್ಲೇ.

ಚೆಂಡು ಸಿಕ್ಕ ಮೇಲೆ ಶಾಟ್ ಹಾಕಲು ಇರುವುದು 24 ಸೆಕೆಂಡ್, ಮೊದಲ 8 ಸೆಕೆಂಡಿನೊಳಗೆ ನಡುಗೆರೆ ದಾಟಬೇಕು. 14 ಉಳಿದಿರುವಾಗಲೇ ಪ್ಲೇ ಶುರು ಮಾಡಿ. ಹೊಸ ಹೊಸ ಪ್ಲೇಗಳ ವಿಡಿಯೋ ಸದ್ಯಕ್ಕೆ ಇಲ್ಲಿ ಹಾಕಬೇಡಿ. ಒಣ ಶೂ ಬೇರೆ ತನ್ನಿ.